ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಪ್ಲಸ್: ಇದಕ್ಕೆ 4294967297 ಕೊಟ್ಟು ನೋಡಿ

ಎಂಜಿನಿಯರಿಂಗ್ ಹುಡುಗರು ಈ ಕ್ಯಾಲ್ಕುಲೇಟರ್ ಕೊಳ್ಳುವುದು ಮ್ಯಾಟ್ರಿಕ್ಸ್, ಇಂಟಿಗ್ರೇಷನ್‌ಗಾಗಿ. ಅವೆಲ್ಲ ಚೆನ್ನಾಗಿಯೇ ಇವೆ. ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ ‘ಫ್ಯಾಕ್ಟ್’. ಸಂಖ್ಯೆ ಹಾಕಿ ಈಕ್ವಲ್ ಒತ್ತಿ, ಆಮೇಲೆ ಶಿಫ್ಟ್ ಮತ್ತು ಡಿಗ್ರಿ-ನಿಮಿಷದ ಗುಂಡಿ ಒತ್ತಿದರೆ ಆಯಿತು. ಹತ್ತು ಅಂಕಿಯವರೆಗಿನ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಬರುತ್ತವೆ.

4294967297ಕ್ಕೆ ಸರಿಯಾಗಿ ಹತ್ತು ಅಂಕಿ. ಅಂದರೆ 2ರ ಘಾತ 32ಕ್ಕೆ 1 ಕೂಡಿಸಿದ್ದು. 2ರ ಘಾತ 1, 2, 4, 8, 16ಕ್ಕೆ 1 ಕೂಡಿಸಿದರೆ ಬರುವ 3, 5, 17, 257, 65537 ಅವಿಭಾಜ್ಯ ಆದಂತೆ ಇದೂ ಅವಿಭಾಜ್ಯವೇ ಎಂದು 1640ರ ಹೊತ್ತಿಗೆ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. ಅಲ್ಲ ಎಂದು 1732ರಲ್ಲಿ ತೋರಿಸಿದವರು ಗಣಿತಜ್ಞ ಆಯ್ಲರ್. ಇಷ್ಟು ವರ್ಷ ಸಿಗದೇ ಇದ್ದ ಅಪವರ್ತನ ಬರೀ 641! ಈಗ ಅದು ಹತ್ತನೇ ಕ್ಲಾಸಿನ ಹುಡುಗಿಯ ಕೈಯಲ್ಲೂ ಸಿಗುತ್ತದೆ. ಇದು ನನಗೆ ನಿಜವಾಗಿಯೂ ದೊಡ್ಡ ಖುಷಿ.

ಆದರೆ ಪರದೆಯ ಮೇಲೆ ಬರುವುದು 641×(6700417). ಆ ಆವರಣವನ್ನು ಗಮನಿಸಿ. ಉಳಿದ ಭಾಗವನ್ನು ಇನ್ನು ಒಡೆಯಲು ತನ್ನಿಂದ ಆಗದು ಎಂದು ಅದರ ಅರ್ಥ. ಅದು ಅವಿಭಾಜ್ಯ ಎಂದಲ್ಲ. 1026169 ಹಾಕಿದರೂ ಆವರಣವೇ ಬರುತ್ತದೆ, ಆದರೆ ಅದು 1013ರ ವರ್ಗ. ಮೂರು ಅಂಕಿಗಿಂತ ದೊಡ್ಡ ಅವಿಭಾಜ್ಯ ಅಪವರ್ತನ ಎರಡಿದ್ದರೆ ಹೀಗೆ. ಒಂದೇ ಇದ್ದು, ಅದು 1018081 ಅಥವಾ ಹೆಚ್ಚಾದರೂ ಹೀಗೆಯೇ. ಇದನ್ನು ಹೇಳದೆ ಸುಮ್ನೆ ಮಕ್ಕಳ ಕೈಗೆ ಕೊಟ್ಟರೆ ತಪ್ಪು ಕಲಿಯುತ್ತಾರೆ.

ಹಾಗಾದರೆ 6700417 ಏನು? ಇಲ್ಲೇ ಪಾಠ ಶುರುವಾಗುವುದು, ಅಲ್ವಾ? ನಮ್ಮ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವೇ ಆದರೂ 128ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. ಇದು ಗಣಿತಜ್ಞ ಲ್ಯೂಕಾ ಕೊಟ್ಟ ನಿಯಮ. 641 ಅಂದರೆ 5×128+1. 6700417ರ ವರ್ಗಮೂಲ 2589ಕ್ಕಿಂತ ಕಡಿಮೆ. ಅದು ಒಡೆಯುವಂತಿದ್ದರೆ ಒಂದು ಅವಿಭಾಜ್ಯ ಅಪವರ್ತನವಾದರೂ ಇದರೊಳಗೇ ಇರಬೇಕು. ಅಷ್ಟರೊಳಗೆ ಈ ನಿಯಮಕ್ಕೆ ಹೊಂದುವ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. ಇದೇ ಕ್ಯಾಲ್ಕುಲೇಟರ್‌ನಲ್ಲಿ ಐದು ಭಾಗಾಕಾರ ಮಾಡಿ. ಒಂದರಲ್ಲೂ ಪೂರ್ಣಸಂಖ್ಯೆ ಬರುವುದಿಲ್ಲ. ಆದ್ದರಿಂದ 6700417 ಅವಿಭಾಜ್ಯ! ಯಂತ್ರ ಎಲ್ಲವನ್ನೂ ತಾನೇ ಹೇಳಿಬಿಟ್ಟಿದ್ದರೆ ಈ ಐದು ಭಾಗಾಕಾರ ಮಾಡುವ ಅವಕಾಶವೇ ಇರುತ್ತಿರಲಿಲ್ಲ.

ಹಾಗೇ 2 ಕಡಿಮೆ ಮಾಡಿ 4294967295 ಹಾಕಿ. 3×5×17×257×65537 ಎಂದು ಪೂರ್ತಿ ಒಡೆದು ಕೊಡುತ್ತದೆ. ಫರ್ಮಾ ಪಟ್ಟಿಯ ಐದೂ ಒಂದೇ ಸಾಲಿನಲ್ಲಿ! ಇದನ್ನು ನೋಡಿ ಮಕ್ಕಳು ಯಾಕೆ ಎಂದು ಕೇಳದೆ ಬಿಡುವುದಿಲ್ಲ.

ಸೋಲಾರ್ ಮತ್ತು ಬಟನ್ ಬ್ಯಾಟರಿ ಎರಡೂ ಇವೆ. ಗುಂಡಿಗಳು ಗಟ್ಟಿ. ಶಾಲೆ, ಕಾಲೇಜಿಗೆ ಧಾರಾಳವಾಗಿ ಕೊಳ್ಳಬಹುದು. ಸಂಖ್ಯೆಗಳ ಹುಚ್ಚು ಜಾಸ್ತಿ ಇದ್ದವರಿಗೆ ಮಾತ್ರ ಹತ್ತು ಅಂಕಿ ಸಾಲದು. ಇದೇ ಸಾಲಿನ ಮುಂದಿನ ಫರ್ಮಾ ಸಂಖ್ಯೆ (2ರ ಘಾತ 64ಕ್ಕೆ 1 ಕೂಡಿಸಿದ್ದು) 18446744073709551617, ಅಂದರೆ 274177×67280421310721. ಅದಕ್ಕೆ ಕಂಪ್ಯೂಟರ್‌ನಲ್ಲಿ ಪಾರಿ-ಜಿಪಿ ಎಂಬ ಗಣಿತದ ತಂತ್ರಾಂಶ ಹಾಕಿಕೊಳ್ಳಿ, ಅದು ಉಚಿತ.