ಪೋರ್ಟೊದಲ್ಲಿ ಹಡಗು ನಿಂತ ದಿನ: ಹಡಗಿನ ಬಸ್ ಟೂರಾ, ನೀಲಿ ಮೆಟ್ರೋನಾ, ಲೇಸಾ ದಂಡೆಯ ನಡಿಗೆನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮೆಟ್ರೋಗೆ. ವೈನೂ ಬೇಕು, ಕಟ್ಟಡಗಳನ್ನೂ ನೋಡಬೇಕು, ಸಂಜೆ ಐದರೊಳಗೆ ಹಡಗಿಗೆ ವಾಪಸ್ಸಾಗಬೇಕು ಅನ್ನುವವರಿಗೆ ಪೋರ್ಚುಗಲ್ಲಿನ ಪೋರ್ಟೊದಲ್ಲಿ ಇರುವುದು ಮೂರು ದಾರಿ: ಹಡಗಿನವರೇ ಮಾರುವ ಅರ್ಧ ದಿನದ ಬಸ್ ಟೂರ್, ಮೆಟ್ರೋ ಹಿಡಿದು ಸ್ವಂತವಾಗಿ ಸುತ್ತುವುದು, ಇಲ್ಲವೇ ನಗರದ ಕಡೆ ತಲೆಯೇ ಹಾಕದೆ ಬಂದರಿನ ಪಕ್ಕದ ಲೇಸಾ ದಂಡೆಯಲ್ಲಿ ವಾಸ್ತುಶಿಲ್ಪಿ ಆಲ್ವರೊ ಸೀಜಾರ ಕಟ್ಟಡಗಳನ್ನು ನೋಡಿ ಬರುವುದು. ದ್ರಾಕ್ಷಿ ತೋಟಗಳಿರುವ ದೋರು ಕಣಿವೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಪಿನ್ಯಾಂವ್ ಊರಿಗೆ ರೈಲಿನಲ್ಲಿ ಹೋಗುವುದಕ್ಕೇ ಎರಡು ಗಂಟೆಗೂ ಹೆಚ್ಚು ಬೇಕು. ಹಡಗಿನ ದಿನಕ್ಕೆ ಅದು ಹೊಂದುವುದಿಲ್ಲ.

ವೇಳಾಪಟ್ಟಿಯಲ್ಲಿ ಪೋರ್ಟೊ ಅಂತಿದ್ದರೂ ಹಡಗು ನಿಲ್ಲುವುದು ಮಾತೊಸಿನ್ಯೂಶ್‌ ಊರಿನ ಲೇಶೋಯ್ಶ್ ಬಂದರಿನಲ್ಲಿ. ವೈನ್ ಗೋದಾಮುಗಳು ಪೋರ್ಟೊದಲ್ಲೂ ಇಲ್ಲ, ದೋರು ನದಿಯ ಆಚೆ ದಡದ ವಿಲಾ ನೋವಾ ದ ಗಾಯಾದಲ್ಲಿವೆ. ಹಾಗಾಗಿ ಒಂದೇ ದಿನದಲ್ಲಿ ಮೂರು ಊರು. ದಿನ ಹಾಳಾಗುವುದು ನೋಡುವ ಜಾಗಗಳಲ್ಲಲ್ಲ, ಈ ಊರುಗಳ ನಡುವೆ ಓಡಾಡುವುದರಲ್ಲಿ.

ಬಸ್ ಟೂರಿನ ದೊಡ್ಡ ಗುಣ ಒಂದೇ: ಬಸ್ಸು ತಡವಾದರೂ ಹಡಗು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಕೊಡುವ ದುಡ್ಡಿನ ಅರ್ಧ ಈ ಭರವಸೆಗೇ. ಆದರೆ 'ವೈನ್ ಮತ್ತು ವಾಸ್ತುಶಿಲ್ಪ' ಅಂತ ಹೆಸರಿಟ್ಟ ಟೂರಿನಲ್ಲಿ ವಾಸ್ತುಶಿಲ್ಪ ಸಿಗುವುದು ಕಿಟಕಿಯಿಂದ. ಹಳೇ ನಗರದ ರಸ್ತೆಗಳು ಇಕ್ಕಟ್ಟು, ದೊಡ್ಡ ಬಸ್ಸು ಬೇಕೆಂದಲ್ಲಿ ನಿಲ್ಲುವಂತಿಲ್ಲ. ನಲವತ್ತು ಜನರನ್ನು ಇಳಿಸಿ, ಎಣಿಸಿ, ಹತ್ತಿಸುವುದರಲ್ಲೇ ಪ್ರತಿ ನಿಲುಗಡೆಯ ಕಾಲು ಗಂಟೆ ಹೋಗುತ್ತದೆ. ವೈನ್ ಗೋದಾಮಿನಲ್ಲೂ ಪೀಪಾಯಿಗಳ ನಡುವಿನ ಸುತ್ತು ಚುಟುಕಾಗಿ ಮುಗಿದು, ಅಂಗಡಿಯಲ್ಲಿ ನಿಲ್ಲುವ ಹೊತ್ತು ಉದ್ದವಾಗುತ್ತದೆ. ಇಷ್ಟಕ್ಕೆ ಸ್ವಂತವಾಗಿ ಹೋದರೆ ಆಗುವ ಖರ್ಚಿನ ಎರಡು ಮೂರು ಪಟ್ಟು ತೆರಬೇಕು. ಮಂಡಿನೋವಿನವರು, ಪುಟ್ಟ ಮಕ್ಕಳಿರುವವರು, ಹಡಗು ತಪ್ಪೀತು ಎಂಬ ಆತಂಕದಲ್ಲಿ ವೈನಿನ ರುಚಿಯೇ ಹತ್ತದವರು ಬೇರೇನೂ ಯೋಚಿಸದೆ ಇದನ್ನೇ ತೆಗೆದುಕೊಳ್ಳಲಿ.

ಮೆಟ್ರೋ ನನಗೆ ಹಿಡಿಸುವುದು ಅಗ್ಗ ಎಂದಲ್ಲ, ಆ ಲೈನೇ ಒಂದು ವಾಸ್ತುಶಿಲ್ಪದ ಟೂರ್ ಎಂದು. ಪೋರ್ಟೊ ಮೆಟ್ರೋದ ಒಟ್ಟು ವಿನ್ಯಾಸದ ಹೊಣೆ ಹೊತ್ತವರು ಎಡ್ವಾರ್ಡೊ ಸೌಟೊ ದ ಮೌರಾ. ನಡುವೆ ಇಳಿಯುವ ಕಾಸಾ ದ ಮೂಸಿಕಾ ಸಂಗೀತ ಭವನ ರೆಮ್ ಕೂಲ್‌ಹಾಸ್‌ರದ್ದು. ಕೊನೆಗೆ ಇಳಿಯುವ ಸಾಂವ್ ಬೆಂತು ಮೆಟ್ರೋ ನಿಲ್ದಾಣ ಸೀಜಾರದ್ದು. ಮೂವರೂ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಸ್ಕರ್ ಪ್ರಶಸ್ತಿ ಪಡೆದವರು: ಸೀಜಾ 1992ರಲ್ಲಿ, ಕೂಲ್‌ಹಾಸ್ 2000ದಲ್ಲಿ, ಸೌಟೊ ದ ಮೌರಾ 2011ರಲ್ಲಿ. ಎರಡು ಯೂರೋ ಆಸುಪಾಸಿನ ಟಿಕೆಟ್ಟಿಗೆ ಇಷ್ಟು ಸಿಗುವ ಊರು ಅಪರೂಪ.

ಹೊರಡುವ ಮುಂಚೆ ಬಂದರಿನ ದಕ್ಷಿಣ ಟರ್ಮಿನಲ್ ಕಟ್ಟಡವನ್ನೇ ಒಮ್ಮೆ ತಿರುಗಿ ನೋಡಿ. ಲೂಯಿಸ್ ಪೆದ್ರು ಸಿಲ್ವಾ ವಿನ್ಯಾಸದ, 2015ರಲ್ಲಿ ಶುರುವಾದ ಈ ಕಟ್ಟಡದ ಮೈತುಂಬಾ ಬಿಳಿಯ ಷಟ್ಕೋನ ಟೈಲುಗಳು. ಅಲ್ಲಿಂದ ಗೇಟು ದಾಟಿ ಮೆರ್ಕಾದು ಮೆಟ್ರೋ ನಿಲ್ದಾಣಕ್ಕೆ ನಡೆಯಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಇಲ್ಲಿ ಮೆಟ್ರೋ ರಸ್ತೆಯ ಮೇಲೇ ಟ್ರಾಮಿನಂತೆ ಓಡುತ್ತದೆ. ಗೇಟಿಲ್ಲ, ತಡೆಯಿಲ್ಲ, ಪ್ಲಾಟ್‌ಫಾರಂ ಮೇಲೆ ಹತ್ತುವ ಮುಂಚೆ ಟಿಕೆಟ್ ಕಾರ್ಡು ಮುಟ್ಟಿಸುವ ಹಳದಿ ಯಂತ್ರಗಳಿರುತ್ತವೆ.

ಟಿಕೆಟ್ಟಿನ ಹೆಸರು ಅಂದಾಂತ್. ಕಾಗದದ ಕಾರ್ಡಿಗೆ 60 ಸೆಂಟ್, ಅದರ ಮೇಲೆ ಪ್ರಯಾಣದ ದುಡ್ಡು. ಒಬ್ಬರಿಗೆ ಒಂದು ಕಾರ್ಡು, ಇಬ್ಬರು ಒಂದರಲ್ಲೇ ಹೋಗುವಂತಿಲ್ಲ. ದರ ವಲಯದ ಲೆಕ್ಕದಲ್ಲಿ. ಸಾಂವ್ ಬೆಂತುವಿಗೆ ಯಾವ ವಲಯ ಎಂದು ಟಿಕೆಟ್ ಮಾರುವ ಯಂತ್ರದ ಪಕ್ಕದ ಪಟ್ಟಿಯಲ್ಲಿ ನೋಡಿ, ಅದೇ ವಲಯದ ಎರಡು ಪ್ರಯಾಣವನ್ನು ಒಟ್ಟಿಗೇ ತುಂಬಿಸಿ. ಒಂದೇ ಕಾರ್ಡಿಗೆ ಬೇರೆ ಬೇರೆ ವಲಯದ ಪ್ರಯಾಣ ಒಟ್ಟಿಗೆ ಹತ್ತುವುದಿಲ್ಲ. ಹಾಗಾಗಿ ವಾಪಸ್ ಕೂಡ ಸಾಂವ್ ಬೆಂತುವಿನಿಂದಲೇ ಹತ್ತುವುದು ಒಳ್ಳೆಯದು. ಲೈನ್ ಬದಲಿಸಿದಾಗಲೆಲ್ಲ ಹಳದಿ ಯಂತ್ರಕ್ಕೆ ಮತ್ತೆ ಮುಟ್ಟಿಸಬೇಕು. ಅವಧಿಯೊಳಗಿದ್ದರೆ ಹೊಸದಾಗಿ ದುಡ್ಡು ಕಡಿಯುವುದಿಲ್ಲ, ಆದರೆ ಮುಟ್ಟಿಸದಿದ್ದರೆ ದಂಡ ಬೀಳುತ್ತದೆ. 24 ಗಂಟೆಯ ಟೂರ್ ಕಾರ್ಡೂ ಇದೆ. ಹೋಗಿ ಬರುವುದಷ್ಟೇ ಆದರೆ ಅದು ವ್ಯರ್ಥ ಖರ್ಚು.

ಇನ್ನು ಈ ದಾರಿಯ ನಿಜವಾದ ಕಾಟ. ಅದು ಇರುವುದು ಹೋಗುವಾಗಲ್ಲ, ಬರುವಾಗ.

ಹೋಗುವಾಗ ಮೆರ್ಕಾದುವಿಗೆ ಬರುವುದು ನೀಲಿ ಲೈನ್ ಒಂದೇ, ತಪ್ಪಲು ಸಾಧ್ಯವೇ ಇಲ್ಲ. ತ್ರಿಂದಾದ್‌ನಲ್ಲಿ ಇಳಿದು, ಕೆಳಗಿನ ಹಂತಕ್ಕೆ ಹೋಗಿ ಹಳದಿ ಲೈನ್ ಹಿಡಿದರೆ ಮುಂದೆ ಸಾಂವ್ ಬೆಂತು. ಬರುವಾಗ ಇದೇ ತ್ರಿಂದಾದ್‌ನ ಮೇಲಿನ ಪ್ಲಾಟ್‌ಫಾರಮ್ಮಿಗೆ ಐದು ಲೈನುಗಳ ಗಾಡಿಗಳು ಒಂದರ ಹಿಂದೊಂದು ಬರುತ್ತವೆ: ಒಂದು ವಿಮಾನ ನಿಲ್ದಾಣಕ್ಕೆ, ಒಂದು ಪೋವುವಾ ದ ವರ್ಜಿಂಗೆ, ಹೀಗೆ. ಬಂದರಿನ ಕಡೆ ಹೋಗುವುದು ಅವುಗಳಲ್ಲಿ ಒಂದೇ. ಗಾಡಿಗಳೆಲ್ಲ ನೋಡಲು ಒಂದೇ ಥರ, ಹಳಿಯೂ ಒಂದೇ. ಮೂರು ಲೋಟ ಪೋರ್ಟ್ ವೈನ್ ಕುಡಿದು ಬಂದವರು ಎದುರಿಗೆ ಬಂದದ್ದಕ್ಕೆ ಹತ್ತಿಬಿಡುತ್ತಾರೆ.

ಸಾಲದ್ದಕ್ಕೆ ಬೋರ್ಡಿನ ಮೇಲಿನ ಹೆಸರುಗಳು. ನೀಲಿ ಲೈನಿನ ಕೊನೆ ಸೆನ್ಯೋರ್ ದ ಮಾತೊಸಿನ್ಯೂಶ್. ಕಿತ್ತಳೆ ಲೈನಿನ ಕೊನೆ ಸೆನ್ಯೋರಾ ದ ಓರಾ. ಓಡೋಡಿ ಬರುವಾಗ ಕಣ್ಣಿಗೆ ಬೀಳುವುದು ಮೊದಲ ನಾಲ್ಕೈದು ಅಕ್ಷರ ಮಾತ್ರ, ಅಷ್ಟರಲ್ಲಿ ಎರಡೂ ಒಂದೇ. ಆದ್ದರಿಂದ ಹೆಸರು ಓದಬೇಡಿ, ಲೈನಿನ ಅಕ್ಷರ 'ಎ' ಮತ್ತು ನೀಲಿ ಬಣ್ಣ ನೋಡಿ. ಅದು ಬರುವ ತನಕ ಉಳಿದವನ್ನೆಲ್ಲ ಬಿಡಿ. ಹತ್ತು ಹದಿನೈದು ನಿಮಿಷ ಕಾಯಬೇಕಾಗಬಹುದು, ಕಾಯಿರಿ.

ತಪ್ಪಿ ಹತ್ತಿದರೂ ಗಾಬರಿ ಬೇಡ. ಐದೂ ಲೈನು ಸೆನ್ಯೋರಾ ದ ಓರಾ ತನಕ ಒಂದೇ ಹಳಿಯ ಮೇಲೆ ಹೋಗುತ್ತವೆ. ಅಲ್ಲಿ ಇಳಿದು ನೀಲಿ ಲೈನಿಗೆ ಕಾದರೆ ಎಂಟನೆಯ ಸ್ಟಾಪೇ ಮೆರ್ಕಾದು. ಕೆಟ್ಟದ್ದಾಗುವುದು ಆ ನಿಲ್ದಾಣವನ್ನೂ ದಾಟಿ ಕೂತವರಿಗೆ. ಅಲ್ಲಿಂದ ಹಳಿಗಳು ಕವಲೊಡೆದು ನೀವು ವಿಮಾನ ನಿಲ್ದಾಣದಲ್ಲೋ ಇನ್ನಾವುದೋ ಊರಿನಲ್ಲೋ ಇರುತ್ತೀರಿ, ಹಿಂತಿರುಗಲು ಅರ್ಧ ಗಂಟೆಗೂ ಮೇಲೆ ಹೋಗುತ್ತದೆ, ಟಿಕೆಟ್ಟಿನ ವಲಯವೂ ಮೀರಿರುತ್ತದೆ. ಎಲ್ಲರೂ ಹಡಗಿನಲ್ಲಿರಬೇಕಾದ ಸಮಯಕ್ಕಿಂತ ಎರಡು ಗಂಟೆ ಮೊದಲು ತ್ರಿಂದಾದ್‌ನಲ್ಲಿ ಇರಿ ಎನ್ನುವುದು ಇದೇ ಕಾರಣಕ್ಕೆ. ಸರಿಯಾದ ಗಾಡಿಯಲ್ಲಿ ಮೆರ್ಕಾದುವಿಗೆ ಅರ್ಧ ಗಂಟೆ, ಅಲ್ಲಿಂದ ನಡಿಗೆ ಇಪ್ಪತ್ತು ನಿಮಿಷ. ಉಳಿದದ್ದು ಎಡವಟ್ಟಿಗೆ ಮೀಸಲು.

ಮೆಟ್ರೋ ಬೇಡ ಎನಿಸಿದರೆ ಗಾಯಾದಿಂದ ಟ್ಯಾಕ್ಸಿ ಹಿಡಿಯಬಹುದು. ಅದು ಆರಾಬಿದಾ ಸೇತುವೆ ಮೇಲೆ ಬಂದರೆ ಅದೂ ಒಂದು ಲಾಭ: ಎಡ್ಗಾರ್ ಕಾರ್ದೋಜು ಕಟ್ಟಿದ, 1963ರಲ್ಲಿ ತೆರೆದ 270 ಮೀಟರ್ ಹರವಿನ ಕಾಂಕ್ರೀಟ್ ಕಮಾನು. ಆದರೆ ನದಿ ದಂಡೆಯ ರಸ್ತೆಯಲ್ಲೇ ನಿಂತು ಟ್ಯಾಕ್ಸಿ ಕರೆಯಬೇಡಿ, ಅಲ್ಲಿ ವಾಹನಗಳು ಆಮೆಯಂತೆ ತೆವಳುತ್ತವೆ. ಮೇಲಿನ ರಸ್ತೆಗೆ ಹತ್ತಿ ಕರೆಯಿರಿ. 500ನೇ ನಂಬರಿನ ಬಸ್ಸು ಸಮುದ್ರ ದಂಡೆಯ ಮೇಲೆ ಚೆಂದದ ದಾರಿಯಲ್ಲಿ ಬರುತ್ತದೆ ನಿಜ, ಹಡಗಿನ ಗಡುವಿದ್ದಾಗ ಅದರ ಸಹವಾಸ ಬೇಡ.

ನೋಡುವ ಕ್ರಮ ಹೀಗಿರಲಿ. ಮೊದಲು ಕಾಸಾ ದ ಮೂಸಿಕಾ. ಪೋರ್ಟೊ 2001ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದಾಗ ಸಿದ್ಧವಾಗಬೇಕಿದ್ದ ಸಂಗೀತ ಭವನ ಇದು, ಬಾಗಿಲು ತೆರೆದದ್ದು 2005ರಲ್ಲಿ. ಬಿಳಿ ಕಾಂಕ್ರೀಟಿನ ಕೋನಾಕೋನದ ಕಟ್ಟಡ, ಸುತ್ತ ಅಲೆಯಂತೆ ಎದ್ದಿಳಿಯುವ ಕಲ್ಲುಹಾಸು. ಮುಖ್ಯ ಸಭಾಂಗಣದ ಎರಡೂ ತುದಿಗೆ ಅಲೆಅಲೆಯ ಗಾಜಿನ ಗೋಡೆ, ಹಗಲಿನ ಬೆಳಕು ನೇರ ಒಳಗೆ ಬರುತ್ತದೆ. ಒಳಗಿನ ಗೈಡೆಡ್ ಟೂರಿಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು, ಅಷ್ಟರಲ್ಲಿ ಟಿಕೆಟ್ಟಿನ ಅವಧಿಯೂ ಮುಗಿದಿರುತ್ತದೆ. ಹೊರಗಿನಿಂದ ಒಂದು ಸುತ್ತು ಹಾಕಲು ಇಪ್ಪತ್ತು ನಿಮಿಷ ಸಾಕು, ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಬಹುದು.

ಸಾಂವ್ ಬೆಂತು ರೈಲು ನಿಲ್ದಾಣದ ಹಜಾರಕ್ಕೆ ಟಿಕೆಟ್ ಬೇಡ. ಮಾರ್ಕೆಸ್ ದ ಸಿಲ್ವಾ ಕಟ್ಟಿದ ನಿಲ್ದಾಣ ಶುರುವಾದದ್ದು 1916ರಲ್ಲಿ. ಗೋಡೆಗಳ ಮೇಲೆ ಜೋರ್ಜ್ ಕೊಲಾಸು ಬರೆದ ಸುಮಾರು 20,000 ನೀಲಿ ಬಿಳಿ ಟೈಲುಗಳು. ಪೋರ್ಚುಗೀಸರು 1415ರಲ್ಲಿ ಉತ್ತರ ಆಫ್ರಿಕಾದ ಸೆಉತಾ ಗೆದ್ದ ಚಿತ್ರವೂ ಅಲ್ಲಿದೆ. ಅಲ್ಲಿಂದ ಕಥೀಡ್ರಲ್ ಕಡೆ ಹತ್ತಿ, ಪಕ್ಕದಲ್ಲೇ ಇರುವ ವಾಸ್ತುಶಿಲ್ಪಿ ಫೆರ್ನಾಂದು ತಾವುರಾರ ಕಲ್ಲು-ಗಾಜಿನ ಗೋಪುರ ನೋಡಿ ಮುಂದುವರಿದರೆ ಗಾಯಾಕ್ಕೆ ದಾಟಿಸುವ ಲೂಯಿಸ್ ಸೇತುವೆಯ ಮೇಲ್ಹಂತ. 1886ರ ಈ ಸೇತುವೆಯ ವಿನ್ಯಾಸ ತಿಯೋಫಿಲ್ ಸೇರಿಗ್‌ರದ್ದು, ಐಫೆಲ್‌ರದ್ದಲ್ಲ. ಸೇರಿಗ್ ಹಿಂದೆ ಐಫೆಲ್‌ರ ಪಾಲುದಾರರಾಗಿದ್ದವರು. ಕಮಾನಿನ ಹರವು 172 ಮೀಟರ್. ಮೇಲೆ ಮೆಟ್ರೋ ಹಳಿಗೂ ನಡೆಯುವವರಿಗೂ ನಡುವೆ ಬೇಲಿ ಇಲ್ಲ. ಫೋಟೋ ತೆಗೆಯುತ್ತಾ ಹಿಂದೆ ಹೆಜ್ಜೆ ಇಡಬೇಡಿ.

ಕಟ್ಟಡ ಮೊದಲು, ವೈನ್ ಆಮೇಲೆ. ಪೋರ್ಟ್ ಮಾಮೂಲಿ ವೈನ್ ಅಲ್ಲ. ಹುದುಗುವುದು ಅರ್ಧದಲ್ಲಿರುವಾಗಲೇ 77% ತೀವ್ರತೆಯ ದ್ರಾಕ್ಷಿ ಸಾರಾಯಿ ಸುರಿದು ನಿಲ್ಲಿಸುತ್ತಾರೆ. ಸಿಹಿ ಉಳಿಯುತ್ತದೆ, ಆಲ್ಕೋಹಾಲ್ 20%ರ ಆಸುಪಾಸಿಗೆ ಏರುತ್ತದೆ. ಬೆಳಿಗ್ಗೆಯೇ ಕುಡಿದರೆ ಕಥೀಡ್ರಲ್ಲಿನ ಮೆಟ್ಟಿಲು ಹತ್ತುವುದು ಕಷ್ಟ.

ಯಾವ ಗೋದಾಮು? ನದಿ ದಂಡೆಯ ಕಾಲೆಂ, ಸ್ಯಾಂಡೆಮನ್, ರಾಮೂಸ್ ಪಿಂಟು ಕಾಲಿಗೆ ಹತ್ತಿರ. ಅಲ್ಲಿನ ತೊಂದರೆ ಗೈಡಿನ ಸಮಯ: ಹಡಗು ಬಂದ ದಿನ ಇಂಗ್ಲಿಷ್ ಗುಂಪಿನ ಸೀಟು ಬೇಗ ಭರ್ತಿ. ಗ್ರಹಾಮ್ಸ್‌ನಿಂದ ನೋಟ ಅದ್ಭುತ, ದಾರಿ ದೂರ ಮತ್ತು ಏರು. ಹಡಗಿನ ದಿನಕ್ಕೆ ನಾನು ಹೇಳುವುದು ಟೇಲರ್ಸ್. 1692ರ ಸಂಸ್ಥೆ, ಆಡಿಯೋ ಗೈಡ್ ಕೈಗೆ ಕೊಟ್ಟು ಬಿಡುತ್ತಾರೆ, ಯಾರಿಗೂ ಕಾಯಬೇಕಿಲ್ಲ. ಸೇತುವೆಯ ಮೇಲ್ಹಂತದಿಂದ ನದಿಗೆ ಇಳಿಯದೆಯೇ ನಡೆದು ತಲುಪಬಹುದು, ಕೇಬಲ್ ಕಾರಿನ ದುಡ್ಡೂ ಉಳಿಯಿತು. ಪ್ರವೇಶ 20ರಿಂದ 25 ಯೂರೋ, ರುಚಿ ನೋಡುವುದೂ ಸೇರಿ.

ರುಚಿ ನೋಡುವಾಗ ಆಯ್ಕೆ ಕೊಟ್ಟರೆ ಟಾನಿ ಎಂಬ ಬಗೆಯ ಪೋರ್ಟ್ ಕೇಳಿ, 10 ವರ್ಷದ ಟಾನಿ ಮತ್ತು 20 ವರ್ಷದ ಟಾನಿ ಪಕ್ಕಪಕ್ಕ ಇಟ್ಟುಕೊಳ್ಳಿ. ಟಾನಿ ಹಣ್ಣಾಗುವುದು 550 ಲೀಟರ್ ಆಸುಪಾಸಿನ ಮರದ ಪೀಪಾಯಿಗಳಲ್ಲಿ. ಗಾಳಿ ತಾಗಿ ತಾಗಿ ಕೆಂಪು ಬಣ್ಣ ಕಂದಾಗುತ್ತದೆ, ಒಣಹಣ್ಣು ಮತ್ತು ಬಾದಾಮಿಯ ಘಮ ಬರುತ್ತದೆ. ಎರಡನ್ನೂ ಬೆಳಕಿಗೆ ಹಿಡಿದರೆ ಇಪ್ಪತ್ತರ ಲೋಟದ ಅಂಚು ಜೇನಿನ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ರೂಬಿ ಎಂಬ ಇನ್ನೊಂದು ಬಗೆ ದೊಡ್ಡ ತೊಟ್ಟಿಗಳಲ್ಲಿ ಉಳಿಯುವುದರಿಂದ ಗಾಳಿ ಕಡಿಮೆ, ಬಣ್ಣ ಗಟ್ಟಿ.

ಲೇಸಾ ದಂಡೆ ಬೇರೆಯದೇ ಲೋಕ. ಸೀಜಾ ಮೂವತ್ತರ ಹರೆಯದಲ್ಲಿ ಮುಗಿಸಿದ ಬೋವಾ ನೋವಾ ಚಹಾಮನೆ (1963) ಮತ್ತು ಸಮುದ್ರದ ಬಂಡೆಗಳ ನಡುವಿನ ಮರೇಸ್ ಈಜುಕೊಳ (1966) ಎರಡೂ ಬಂದರಿನಿಂದ ನಡಿಗೆಯಲ್ಲಿ ಸಿಗುತ್ತವೆ. ಕೊಳದ ಕಟ್ಟಡ ರಸ್ತೆಗಿಂತ ತಗ್ಗಿನಲ್ಲಿದೆ, ಮೇಲಿಂದ ಕಾಣುವುದು ಸೂರು ಮಾತ್ರ. ಒಳಗೆ ಹೋದರೆ ಕತ್ತಲ ಕಾಂಕ್ರೀಟ್ ಓಣಿಗಳಲ್ಲಿ ತಿರುಗಿಸಿ ತಿರುಗಿಸಿ ಕೊನೆಗೆ ಸಮುದ್ರದ ಮುಂದೆ ನಿಲ್ಲಿಸುತ್ತದೆ. ಅದು ತೆರೆದಿರುವುದು ಬೇಸಿಗೆಯಲ್ಲಿ ಮಾತ್ರ. ಬೋವಾ ನೋವಾ ಈಗ ದುಬಾರಿ ರೆಸ್ಟೋರೆಂಟ್, ಮುಂಗಡ ಕಾದಿರಿಸದೆ ಒಳಗೆ ಹೋಗುವಂತಿಲ್ಲ. ದಕ್ಷಿಣ ಟರ್ಮಿನಲ್ಲಿನಿಂದ ಹೋಗುವುದಾದರೆ ನಡುವೆ ಎತ್ತುವ ಸೇತುವೆ ದಾಟಬೇಕು. ಹಡಗು ಹಾಯುವಾಗ ಅದು ಮೇಲೆದ್ದರೆ ಇಳಿಯುವ ತನಕ ನಿಲ್ಲಬೇಕು. ಕಟ್ಟಡವೇ ಮುಖ್ಯ ಎನ್ನುವವರಿಗೆ ಇದಕ್ಕೆ ಸಾಟಿಯಿಲ್ಲ. ವೈನ್ ಗೋದಾಮು ಮಾತ್ರ ಈ ಕಡೆ ಒಂದೂ ಇಲ್ಲ.

ದಡದಲ್ಲಿ ಏಳೆಂಟು ಗಂಟೆ ಇದ್ದು, ಒಬ್ಬರಿಗೆ 40 ಯೂರೋ ಒಳಗೆ ಮುಗಿಯಬೇಕು, ಬಾವುಟ ಹಿಡಿದವರ ಹಿಂದೆ ನಡೆಯುವುದು ಬೇಡ ಎನ್ನುವ ನನ್ನಂಥವರಿಗೆ ಮೆಟ್ರೋ. ಐದು ಗಂಟೆಗಿಂತ ಕಡಿಮೆ ಇದ್ದರೆ ಲೇಸಾ. ವೈನೇ ಬೇಕು, ಹೊತ್ತೂ ಕಡಿಮೆ ಎಂದಾದರೆ ಮನಸ್ಸಿಲ್ಲದಿದ್ದರೂ ಬಸ್ಸು.

ಬಾಟಲಿ ಕೊಳ್ಳುವುದಾದರೆ ಟಾನಿಯನ್ನೇ ಕೊಳ್ಳಿ. ಕೈಯಲ್ಲೇ ತೆಗೆಯುವ ಬಿರಡೆ, ತಳದಲ್ಲಿ ಗಸಿ ಇರುವುದಿಲ್ಲ, ತೆರೆದ ಮೇಲೂ ವಾರಗಟ್ಟಲೆ ಕೆಡುವುದಿಲ್ಲ. ಒಂದೇ ವರ್ಷದ ಬೆಳೆಯಿಂದ ಮಾಡಿ ಬಾಟಲಿಯಲ್ಲೇ ಹಣ್ಣಾಗುವ ವಿಂಟೇಜ್ ಪೋರ್ಟ್ ಆದರೆ ಪ್ರಯಾಣದ ಕುಲುಕಾಟಕ್ಕೆ ಗಸಿ ಏಳುತ್ತದೆ, ತೆರೆದರೆ ಒಂದೆರಡು ದಿನದಲ್ಲಿ ಮುಗಿಸಬೇಕು. ಹಲವು ಹಡಗುಗಳಲ್ಲಿ ಹತ್ತುವಾಗಲೇ ಬಾಟಲಿ ತೆಗೆದಿಟ್ಟುಕೊಂಡು ಪ್ರಯಾಣದ ಕೊನೆಗೆ ಮರಳಿಸುತ್ತಾರೆ. ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.