ಬಟನ್ ಪಾಲಿಪ್ ಇರುವ ಕಲ್ಲಿಗೆ ಬಿಸಿನೀರು ಹಾಕಲೇಬೇಡಿ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟವರು, ಅದರಲ್ಲೂ ಜೋವಾ, ಪ್ಯಾಲಿ ಅಂತ ಕರೆಯುವ ಬಟನ್ ಪಾಲಿಪ್ (ಕಲ್ಲಿಗೆ ಅಂಟಿ ಬೆಳೆಯುವ, ಗುಂಡಿಯಂಥ, ಹವಳದ ಬಳಗದ ಪುಟ್ಟ ಕಡಲ ಜೀವಿ) ಸಾಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಬೇಸಿಗೆಯಲ್ಲಿ ನಮ್ಮ ಮನೆಯ ಇಬ್ಬರು ಆಸ್ಪತ್ರೆ ಸೇರಿದ್ದು ಟ್ಯಾಂಕಿನ ಒಂದು ಕಲ್ಲು ತೊಳೆದದ್ದರಿಂದ.

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ. ಟ್ಯಾಂಕ್ ಅಣ್ಣನ ಮಗನದು. ಏಪ್ರಿಲ್ ಹೊತ್ತಿಗೆ ಪಾಲಿಪ್‌ಗಳು ಬಾಯಿ ಮುಚ್ಚಿಕೊಂಡವು, ಹಗಲಲ್ಲೂ ಅರಳಲಿಲ್ಲ. ಕಲ್ಲಿನ ಮೇಲೆ ಹಸಿರು ಪಾಚಿ, ನಡುನಡುವೆ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಅನ್ನುವ ಸಣ್ಣ ಕಡಲ ಜೀವಿ. ಮಾರಿದ ಅಂಗಡಿಗೆ ಫೋನ್ ಮಾಡಿದ್ದಕ್ಕೆ ಸರ್ವಿಸ್‌ಗೆ ಅಂತ ಒಬ್ಬರನ್ನು ಕಳಿಸಿದರು. ಅವರು ಕಲ್ಲನ್ನು ಎತ್ತಿ ತಂದು ಅಡುಗೆಮನೆಯ ಸಿಂಕ್‌ನಲ್ಲಿಟ್ಟು, "ಕುದಿಯೋ ನೀರು ಕೊಡ್ರಿ ಅಕ್ಕಾ, ಎಲ್ಲಾ ಕಿತ್ಕೊಂಡು ಹೋಗ್ತತಿ" ಅಂದರು. ಅತ್ತಿಗೆ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದರು. ನೀರು ಸುರಿದ ಕೂಡಲೇ ಹಬೆ ಎದ್ದಿತು, ಮನೆ ತುಂಬ ಕೆಟ್ಟ ವಾಸನೆ. ಆಮೇಲೆ ಬ್ರಷ್ ಹಿಡಿದು ಗಸಗಸ ತಿಕ್ಕಿದರು. ಕೈಗೆ ಗ್ಲೌಸ್ ಇರಲಿಲ್ಲ, ಕಿಟಕಿ ತೆಗೆಯಿರಿ ಅಂತಲೂ ಹೇಳಲಿಲ್ಲ.

ಸಂಜೆಗೆ ಅತ್ತಿಗೆಗೆ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ರಾತ್ರಿ ಅವರಿಗೂ ಅಣ್ಣನ ಮಗನಿಗೂ ಬಿಡದ ಕೆಮ್ಮು, ಚಳಿಜ್ವರ, ಮೈಕೈ ಹಿಂಡುವ ನೋವು, ಎದೆ ಬಿಗಿತ. ಆಸ್ಪತ್ರೆಯಲ್ಲಿ ಮೊದಲು ಚಿಕೂನ್‌ಗುನ್ಯಾ ಇರಬಹುದು ಅಂದರು. ಕಲ್ಲು ತೊಳೆದ ವಿಷಯ ಹುಡುಗನೇ ಬಾಯಿ ಬಿಟ್ಟ ಮೇಲೆ ಚಿಕಿತ್ಸೆಯ ದಿಕ್ಕು ಬದಲಾಯಿತು. ಆಕ್ಸಿಜನ್ ಕೊಟ್ಟು, ಇಸಿಜಿ ನೋಡುತ್ತಾ ಇಟ್ಟುಕೊಂಡರು. ಇಬ್ಬರೂ ಹುಷಾರಾಗಿ ಮನೆಗೆ ಬಂದಿದ್ದಾರೆ, ಅದೇ ದೊಡ್ಡದು.

ಇದಕ್ಕೆಲ್ಲ ಕಾರಣ ಪಾಲಿಪ್ ಒಳಗಿನ ವಿಷ, ಅದರ ಹೆಸರು ಪ್ಯಾಲಿಟಾಕ್ಸಿನ್. 1971ರಲ್ಲಿ ಹವಾಯಿಯ ಪ್ಯಾಲಿಥೋವಾ (ಇದೇ ಪ್ಯಾಲಿ) ಜಾತಿಯಿಂದ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಜೀವಕೋಶದಲ್ಲಿ ಸೋಡಿಯಂ, ಪೊಟ್ಯಾಷಿಯಂ ಸಮತೋಲ ಕಾಯುವ ಪಂಪನ್ನೇ ಇದು ಕೆಡಿಸುತ್ತದೆ, ಹಾಗಾಗಿ ಸ್ನಾಯು, ಹೃದಯ ಎರಡಕ್ಕೂ ಅಪಾಯ. ಕುದಿಸಿದರೆ ಇದು ಸಾಯುವುದಿಲ್ಲ. ಹಬೆಯ ಜೊತೆ, ತಿಕ್ಕಿದಾಗ ಸಿಡಿಯುವ ಹನಿಯ ಜೊತೆ ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವು ಪಾಲಿಪ್‌ಗಳಲ್ಲಿ ವಿಷ ಇರುವುದೇ ಇಲ್ಲ, ಕೆಲವಲ್ಲಿ ವಿಪರೀತ, ಬಣ್ಣ ನೋಡಿ ಹೇಳಲು ಬರುವುದಿಲ್ಲ. ಇದನ್ನು ಮಾರುವವರು ಒಂದು ಮಾತು ಹೇಳಬೇಡವೇ? ಅಂಗಡಿಯವರನ್ನು ಕೇಳಿದ್ದಕ್ಕೆ "ಅದ್ಕೇನಾಗ್ತತಿ ಬಿಡ್ರಿ ಸರ, ನಾವ್ ದಿನಾ ಮಾಡ್ತೀವಿ" ಅಂದರು. ಆ ಮಾತು ಕೇಳಿಯೇ ಇದನ್ನು ಬರೆಯಲು ಕೂತೆ.

ಅಸಲಿಗೆ ಆ ಕಲ್ಲಿಗೆ ಬೇಕಿದ್ದದ್ದು ತಂಪು. ಟ್ಯಾಂಕಿನ ನೀರು 24ರಿಂದ 27 ಡಿಗ್ರಿ ಇರಬೇಕು, ನಮ್ಮೂರ ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತರೆ 30 ದಾಟುತ್ತದೆ. ಆಗ ಹವಳ ತನ್ನೊಳಗೆ ಬದುಕುವ, ತನಗೆ ಅನ್ನ ಕೊಡುವ ಸೂಕ್ಷ್ಮ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಆವಿಯಾದಂತೆ ಉಪ್ಪೂ ಏರುತ್ತದೆ. ಕಮ್ಮಿಯಾದ ನೀರಿಗೆ ಬೋರ್‌ವೆಲ್ ನೀರು ಸುರಿಯಬೇಡಿ, ಆರ್‌ಒ ನೀರನ್ನೇ ಹಾಕಿ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025 ಆಸುಪಾಸು ಇದೆಯೇ ನೋಡಿ. ಐಪ್ಟೇಸಿಯಾ ತಿನ್ನಲು ಪೆಪ್ಪರ್‌ಮಿಂಟ್ ಸೀಗಡಿ ಇದೆ. ಹೊಸ ಫ್ರಾಗ್ (ಬೆಳೆಸಲು ಮಾರುವ ಹವಳದ ಸಣ್ಣ ತುಂಡು) ತಂದರೆ ಬೇರೆ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ನೋಡಿ. ಅದನ್ನು ಡಿಪ್ ಮಾಡುವುದಾದರೆ, ಅಂದರೆ ಹುಳ ಕೊಲ್ಲುವ ದ್ರಾವಣದಲ್ಲಿ ಅದ್ದುವುದಾದರೆ, ಗ್ಲೌಸ್, ಕನ್ನಡಕ ಹಾಕಿಕೊಂಡು, ಅಡುಗೆಮನೆಯಿಂದ ದೂರ. ಮೀನಿಗೆ ಕೊಡುವ ತಾಮ್ರದ ಔಷಧಿ ಹವಳವನ್ನು ಕೊಲ್ಲುತ್ತದೆ, ಅದನ್ನು ಈ ಟ್ಯಾಂಕಿಗೆ ಹಾಕಬೇಡಿ.

ಬಳಸಿದ ಸಾಮಾನನ್ನು ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಅದರಲ್ಲಿ ನೆನೆಸಿ. ವಿನೆಗರ್ ಜೊತೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಜೋಕೆ.

ಇನ್ನೊಂದು. ಅದೇ ಅಂಗಡಿಯಲ್ಲಿ ಕಲ್ಲುಹವಳವೂ ಮಾರಾಟಕ್ಕಿತ್ತು. ಅದು ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಕೊಳ್ಳುವುದೂ ಅಪರಾಧ.

ಟ್ಯಾಂಕಿಗೆ ಕೈ ಹಾಕಿದ ದಿನ ಕೆಮ್ಮು, ಜ್ವರ, ಬಾಯಿ ಕಹಿ ಬಂದರೆ ಮನೆಯವರೆಲ್ಲ ಆಚೆ ಬನ್ನಿ, ನೇರ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ಅಂತ ಪ್ರತ್ಯೇಕ ಇಂಜೆಕ್ಷನ್ ಇಲ್ಲ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಗುವುದೂ ಇಲ್ಲ. "ಪ್ಯಾಲಿಟಾಕ್ಸಿನ್" ಅಂತ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ.