ಸನ್ಮಾನ ಪತ್ರ ಮಾಡಿಸಿದ ಅನುಭವ: ತುಮಕೂರಿನ ಒಂದು ಮುದ್ರಣಾಲಯ

ಆಸ್ಟ್ರೇಲಿಯಾದಲ್ಲಿ ಗ್ರಾಮೀಣ ವಲಸೆಯನ್ನು ಕುರಿತು ಸಂಶೋಧನೆ ನಡೆಸುತ್ತಿರುವ ನಮ್ಮ ಊರಿನ ಮಹಿಳೆಯೊಬ್ಬರು ಅಲ್ಲಿನ ಸಮಾಜ ವಿಜ್ಞಾನಗಳ ರಾಷ್ಟ್ರೀಯ ಅಕಾಡೆಮಿಗೆ ಫೆಲೋ ಆಗಿ ಚುನಾಯಿತರಾದ ಸಂತೋಷಕ್ಕೆ, ಅವರು ರಜೆಗೆ ಬಂದಾಗ ಅರ್ಪಿಸಲೆಂದು, ಗಾಜಿನ ಚೌಕಟ್ಟಿನ ಸನ್ಮಾನ ಪತ್ರವೊಂದನ್ನು ತುಮಕೂರಿನ ಮುದ್ರಣಾಲಯವೊಂದರಲ್ಲಿ ಮಾಡಿಸಿದೆವು.

ಮೊದಲ ಕರಡಿನಲ್ಲಿ ‘ಚುನಾವಣೆಯಲ್ಲಿ ಭಾರಿ ಜಯ ಗಳಿಸಿದ’ ಎಂದಿತ್ತು. ಗ್ರಾಮ ಪಂಚಾಯಿತಿಯ ಅಭಿನಂದನಾ ಫಲಕಗಳನ್ನೇ ಹೆಚ್ಚಾಗಿ ಮಾಡುವವರಿಗೆ ಇದು ಸಹಜವೇ. ಆದರೆ 1971ರಲ್ಲಿ ಈಗಿನ ರೂಪ ಪಡೆದ, ಕ್ಯಾನ್‌ಬೆರಾದಲ್ಲಿ ಕಚೇರಿಯುಳ್ಳ ಆ ಅಕಾಡೆಮಿಗೆ ಯಾರೂ ಅರ್ಜಿ ಹಾಕಿ ಸೇರುವಂತಿಲ್ಲ. ಈಗಾಗಲೇ ಫೆಲೋಗಳಾಗಿರುವ ವಿದ್ವಾಂಸರೇ ಹೆಸರು ಸೂಚಿಸಿ, ಸಂಶೋಧನೆಯ ಮೌಲ್ಯವನ್ನು ತೂಗಿ ಮತ ನೀಡುತ್ತಾರೆ. ಇದನ್ನು ವಿವರಿಸಿದಾಗ ಅಕ್ಷರ ಜೋಡಿಸುವ ಹುಡುಗ ಬೇಸರಿಸದೆ ಕೇಳಿಸಿಕೊಂಡು, ‘ಸಹವಿದ್ವಾಂಸರಿಂದ ಚುನಾಯಿತರಾದ’ ಎಂಬ ಪದಗಳನ್ನು ತಾನೇ ಸೂಚಿಸಿದ್ದು ನನಗೆ ಬಹಳ ಹಿಡಿಸಿತು.

ನಾವು ಯೂನಿಕೋಡ್‌ನಲ್ಲಿ ಕಳುಹಿಸಿದ್ದ ಪಠ್ಯವನ್ನು ‘ನುಡಿ’ ತಂತ್ರಾಂಶದ ಅಕ್ಷರಶೈಲಿಗೆ ಬದಲಿಸುವಾಗ ಒತ್ತಕ್ಷರಗಳು ಚದುರಿದ್ದರಿಂದ, ಕರಡನ್ನು ಮೂರು ಬಾರಿ ತಿದ್ದಬೇಕಾಯಿತು. ಹೇಳಿದ ದಿನಕ್ಕಿಂತ ಎರಡು ದಿನ ತಡವೂ ಆಯಿತು. ಆ ಅಕಾಡೆಮಿಯ ಫೆಲೋ ಎಂದು ಸೂಚಿಸಲು ಹೆಸರಿನ ನಂತರ ಬರುವ ‘ಎಫ್.ಎ.ಎಸ್.ಎಸ್.ಎ.’ ಎಂಬ ಅಕ್ಷರಗಳಲ್ಲಿ ಒಂದು ‘ಎಸ್’ ಕೊನೆಯ ಕರಡಿನಲ್ಲೂ ಬಿಟ್ಟುಹೋಗಿತ್ತು. ತಿದ್ದುಪಡಿಗೆ ಹೆಚ್ಚುವರಿ ಹಣ ಕೇಳಲಿಲ್ಲ. ಕಾಗದ ದಪ್ಪನೆಯದು, ಅಂಚಿನ ಬಳ್ಳಿಯ ಚಿತ್ತಾರ ಕಣ್ಣಿಗೆ ಹಿತವಾಗಿದೆ. ಚೌಕಟ್ಟಿನ ಹಿಂದಿನ ಕೊಕ್ಕೆ ಮಾತ್ರ ಸಡಿಲವಾಗಿದ್ದು, ಅದನ್ನು ನಾವೇ ಬಿಗಿ ಮಾಡಿಸಿದೆವು.